ಮೊಳೆಗೆ ಚುಚ್ಚಿದ ನಾಲ್ಕು ಸಂಖ್ಯೆಗಳು

ಸೋಮವಾರ ಬೆಳಿಗ್ಗೆ 9 ಗಂಟೆ 10 ನಿಮಿಷದಿಂದ ಶನಿವಾರ ಮಧ್ಯಾಹ್ನ 12 ಗಂಟೆಯವರೆಗೆ, ಅಂದರೆ ಒಟ್ಟು 122 ಗಂಟೆ 50 ನಿಮಿಷಗಳಲ್ಲಿ, ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ತಪ್ಪಿದರೆ ಇಡೀ ತಪ್ಪು ಮಾವನ ತಲೆಗೆ ಬರುತ್ತದೆ. ಅದರಲ್ಲಿ ಅವನ ಪಾಲು ಅರ್ಧ ಮಾತ್ರ.

ಸೋಮವಾರ 9.10ಕ್ಕೆ ವಿಶ್ವವಿದ್ಯಾಲಯದ ಪತ್ರ ಬಂತು. ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗಿನಲ್ಲಿ ಪದವಿ ಮುಗಿಸಿದ್ದ ನಾನು ಅದೇ ವಿಭಾಗದ ಸ್ನಾತಕೋತ್ತರ ಅರ್ಜಿಯಲ್ಲಿದ್ದ ನಾಲ್ಕು ಚೌಕಗಳಿಗೂ ಗುರುತು ಹಾಕಿದ್ದೆ. ನಾಲ್ಕರಲ್ಲಿ ಒಂದಾದರೂ ಸಿಗಬಹುದೆಂಬ ಅಂದಾಜು ನನ್ನದು. ನಾಲ್ಕೂ ಸಿಕ್ಕಿದ್ದವು. ಮೊದಲನೆಯದು ಚಿಪ್ ವಿನ್ಯಾಸ: ಒಂದೂವರೆ ವರ್ಷ, ಪಾಠ ಮತ್ತು ಪರೀಕ್ಷೆ ಮಾತ್ರ. ಎರಡನೆಯದು ಸಂಕೇತ ಸಂಸ್ಕರಣೆ, ಅಂದರೆ ಧ್ವನಿಯನ್ನೂ ಚಿತ್ರವನ್ನೂ ಗಣಿತದ ಜರಡಿಯಲ್ಲಿ ಸೋಸುವ ವಿದ್ಯೆ: ಎರಡು ವರ್ಷ, ಕೊನೆಯಲ್ಲೊಂದು ಪ್ರಾಜೆಕ್ಟ್. ಮೂರನೆಯದು ವಿದ್ಯುತ್ ಯಂತ್ರಗಳು ಮತ್ತು ಅವುಗಳ ನಿಯಂತ್ರಣ: ಎರಡು ವರ್ಷ, ಅದರಲ್ಲಿ ಒಂದು ವರ್ಷ ಪೂರ್ತಿ ಪ್ರಬಂಧಕ್ಕೆ. ನಾಲ್ಕನೆಯದು ನೇರ ಪಿಎಚ್.ಡಿ.: ಐದು ವರ್ಷ, 'ಅಥವಾ ಪೂರ್ಣಗೊಳ್ಳುವವರೆಗೆ' ಎಂದು ಸಣ್ಣ ಅಕ್ಷರದಲ್ಲಿತ್ತು. ಶನಿವಾರ ಹನ್ನೆರಡರೊಳಗೆ ಒಂದನ್ನು ಒಪ್ಪಿಕೊಳ್ಳದಿದ್ದರೆ ನಾಲ್ಕೂ ಸೀಟುಗಳು ಕಾಯುತ್ತಿರುವವರ ಪಾಲಾಗುತ್ತವೆ. ಒಮ್ಮೆ ಒಪ್ಪಿಕೊಂಡರೆ ಬದಲಾವಣೆ ಇಲ್ಲ.

ಒಂದು ಚೌಕಕ್ಕೆ ಮಾತ್ರ ಗುರುತು ಹಾಕಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಪ್ರಯೋಜನವಿರಲಿಲ್ಲ.

ಪತ್ರವನ್ನು ಕೆಳಗಿನ ಅಂಗಡಿಗೆ ಒಯ್ದು ಎಲ್ಲರೆದುರು ಗಟ್ಟಿಯಾಗಿ ಓದಿದೆ. ಅಂಗಡಿ ನಮ್ಮದೇ, ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಅಜ್ಜ ಶುರು ಮಾಡಿದ್ದು, ಈಗ ಅಮ್ಮ ನಡೆಸುತ್ತಾಳೆ. ಅಜ್ಜನಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು: ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗೆ ಏನು ಕೆಟ್ಟಿದೆಯೆಂದು ಹೇಳುತ್ತಾರೆ. ಅಮ್ಮನ ತಮ್ಮ, ಅಂದರೆ ಮಾವ, ಫ್ಯಾನುಗಳನ್ನು ಸುತ್ತುತ್ತಾನೆ ಮತ್ತು ಗಿರಾಕಿಗಳೊಡನೆ ಮಾತಾಡುತ್ತಾನೆ, ಎರಡನೆಯದೇ ಹೆಚ್ಚು. ಅಪ್ಪ ರೈಲಿನ ಗಾರ್ಡು, ಆ ವಾರವಿಡೀ ರೈಲಿನಲ್ಲೇ ಇದ್ದರು. ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: "ಯಾವುದಕ್ಕಾದ್ರೂ ಹತ್ತು ಮಗಳೇ, ಆದ್ರೆ ಹೊರಡೋಕೆ ಮುಂಚೆ ಹತ್ತು."

"ಪ್ರಬಂಧ ಅಂದ್ರೆ ಏನೇ?" ಎಂದು ಅಮ್ಮ ಕೇಳಿದಳು.

"ಒಂದೇ ಪ್ರಶ್ನೆಯನ್ನ ಇಡೀ ವರ್ಷ ಕೇಳೋದು."

"ನಿನ್ನ ಮಾವ ಇಪ್ಪತ್ತು ವರ್ಷದಿಂದ ಕೇಳ್ತಾನೇ ಇದಾನಲ್ಲ, ಊಟ ಆಯ್ತಾ ಅಂತ. ಅವನಿಗೇನು ಕೊಡ್ತಾರೆ?"

"ಅಕ್ಕಾ, ಇಪ್ಪತ್ತು ವರ್ಷ ಅಂದ್ರೆ ನಾಲ್ಕು ಪಿಎಚ್.ಡಿ. ಆಯ್ತು ನಂದು," ಎಂದ ಮಾವ. "ಏನಮ್ಮಾ ಮೈಕ್ರೋಮೀಟರ್, ಸರಿ ತಾನೆ ಲೆಕ್ಕ?"

ಮೈಕ್ರೋಮೀಟರ್ ಎಂಬುದು ಅವನು ನನಗಿಟ್ಟ ಹೆಸರು. ಹತ್ತನೆಯ ವಯಸ್ಸಿನಲ್ಲಿ ನಾನು ತಂತಿಯ ದಪ್ಪವನ್ನು ಮೂರು ಕಡೆ ಅಳೆದು ಸರಾಸರಿ ಹೇಳಿದ್ದೆ.

ನಮ್ಮ ಅಂಗಡಿಯಲ್ಲಿ ಎರಡು ಪದ್ಧತಿಗಳಿವೆ. ಈ ಕಥೆಗೆ ಎರಡೂ ಬೇಕು.

ಮೊದಲನೆಯದು ಡಬ್ಬಿ. ಕೆಟ್ಟ ಮೋಟಾರನ್ನು ಬಿಚ್ಚುವ ಮುಂಚೆ, ಒಳಗೆ ಏನಾಗಿದೆಯೆಂಬ ಊಹೆಯನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಬಿಚ್ಚಿದ ಮೇಲೆ ಚೀಟಿಗಳನ್ನು ಓದುತ್ತೇವೆ. ತಪ್ಪಿದವರು ಆ ದಿನ ನೆಲದ ಮೇಲಿನ ತಂತಿಯ ಚೂರುಗಳನ್ನು ಗುಡಿಸಬೇಕು. ಇದು ಅಮ್ಮ ಮಾಡಿದ ನಿಯಮ. ಬಿಚ್ಚಿದ ಮೇಲೆ 'ನಾನು ಆಗಲೇ ಅಂದುಕೊಂಡಿದ್ದೆ' ಎನ್ನುವ ಮಾವನ ಚಾಳಿಗೆ ಇದೇ ಮದ್ದು.

ಎರಡನೆಯದು ಮೊಳೆ. ಸುತ್ತುವ ಮೇಜಿನ ಮೇಲೆ, ಗೋಡೆಯಲ್ಲಿ, ಒಂದೇ ಒಂದು ಮೊಳೆಯಿದೆ. ಯಾವ ಸುರುಳಿಗೆ ಎಷ್ಟು ಸುತ್ತು ಎಂಬ ಚೀಟಿಯನ್ನು ಅದಕ್ಕೆ ಚುಚ್ಚುತ್ತೇವೆ. ಮೊಳೆಯಲ್ಲಿ ಮೇಲಿರುವ ಕಾಗದವೇ ಆಜ್ಞೆ. ಮೇಜಿನ ಮುಂದೆ ಕೂತವರು ಅದನ್ನು ಪ್ರಶ್ನಿಸುವಂತಿಲ್ಲ. ಎಣಿಸುತ್ತಿರುವಾಗ ಮಾತಾಡಿದರೆ ಎಣಿಕೆ ತಪ್ಪುತ್ತದೆ.

"ಹಾಗಾದ್ರೆ ಡಬ್ಬಿ ತಗೊಂಡು ಬಾ," ಎಂದಳು ಅಮ್ಮ. "ಇವಳು ಯಾವುದಕ್ಕೆ ಹೋಗ್ತಾಳೆ ಅಂತ ಎಲ್ರೂ ಬರೀರಿ. ಶನಿವಾರ ತೆಗೆಯೋಣ."

ಅಮ್ಮ ಗೋಡೆಗೆ ತಿರುಗಿ ಬರೆದಳು. ಅಜ್ಜ ತಾವೇ ದೊಡ್ಡ ಅಕ್ಷರದಲ್ಲಿ ಬರೆದರು. ಮಾವ ಬರೆದು, ಹೊಡೆದುಹಾಕಿ, ಮತ್ತೆ ಬರೆದ.

"ನೀನೂ ಬರಿ," ಎಂದಳು ಅಮ್ಮ.

"ನಾನು ಇನ್ನೂ ವಿಶ್ಲೇಷಣೆ ಮಾಡಿಲ್ಲ ಅಮ್ಮ. ಈಗಲೇ ಏನು ಬರೀಲಿ?"

"ಬಿಚ್ಚೋಕೆ ಮುಂಚೆ ಬರೆಯೋದೇ ನಿಯಮ."

ನಾನು 'ದತ್ತಾಂಶ ಸಾಲದು' ಎಂದು ಬರೆದು ಮಡಚಿ ಹಾಕಿದೆ. ಅದು ನನಗೆ ಆಗ ಅತ್ಯಂತ ಪ್ರಾಮಾಣಿಕ ಉತ್ತರವಾಗಿ ಕಂಡಿತ್ತು.

ಮಂಗಳವಾರ ಕೋಷ್ಟಕ ಸಿದ್ಧಪಡಿಸಿದೆ. ಹನ್ನೊಂದು ಅಂಶಗಳು, ಪ್ರತಿಯೊಂದಕ್ಕೂ ಒಂದು ತೂಕ, ತೂಕಗಳ ಮೊತ್ತ ನೂರು. ನಾಲ್ಕು ಆಯ್ಕೆಗಳಿಗೂ ಪ್ರತಿ ಅಂಶದಲ್ಲಿ ಒಂದರಿಂದ ಐದರವರೆಗೆ ಅಂಕ. ಅಂಕವನ್ನು ತೂಕದಿಂದ ಗುಣಿಸಿ ಕೂಡಿದರೆ ಗರಿಷ್ಠ ಐನೂರು. ಅಧ್ಯಾಪಕರ ಪ್ರಕಟಣೆಗಳು, ಪ್ರಯೋಗಾಲಯದ ಸಲಕರಣೆ, ಮುಂದೆ ಸಿಗುವ ಕೆಲಸ, ಹಾಸ್ಟೆಲ್ಲಿನ ನೀರು, ಹೀಗೆ. ಮಾವ ಭುಜದ ಮೇಲಿಂದ ಬಗ್ಗಿ ನೋಡಿದ.

"ಇದೇನಿದು, 'ಮಾವನ ಅಭಿಪ್ರಾಯ', ತೂಕ ಎರಡು? ಮೇಲ್ಗಡೆ 'ಕ್ಯಾಂಟೀನ್ ದೂರ', ತೂಕ ನಾಲ್ಕು?"

"ಕ್ಯಾಂಟೀನಿಗೆ ದಿನಾ ಹೋಗ್ಬೇಕಲ್ಲ ಮಾವ."

"ಎತ್ತಿ ಆಡಿಸಿದ ಕೈ ಕಣೇ ಇದು! ಕ್ಯಾಂಟೀನು ಎತ್ತಿ ಆಡಿಸಿತ್ತಾ ನಿನ್ನ?"

ತೂಕವನ್ನು ಮೂರಕ್ಕೆ ಏರಿಸಿದೆ. ಮೊತ್ತ ನೂರೊಂದಾಯಿತು. ಹಾಸ್ಟೆಲ್ಲಿನ ನೀರಿನಿಂದ ಒಂದು ಕಳೆದೆ.

ಬುಧವಾರ ಬೆಳಿಗ್ಗೆ ಕ್ಯಾಂಟೀನಿನ ದೂರ ತಿಳಿಯಲು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿದೆ. ಎತ್ತಿಕೊಂಡದ್ದು ಅಲ್ಲಿನ ಗುಮಾಸ್ತೆ. ದಣಿದ, ಆದರೆ ಬೇಸರಗೊಳ್ಳದ ದನಿ.

"ಮೇಡಂ, ನಾಲ್ಕು ವಿಭಾಗಗಳಿಂದ ಕ್ಯಾಂಟೀನಿಗೆ ಎಷ್ಟು ದೂರ ಅಂತ ಬೇಕಿತ್ತು. ಮೀಟರುಗಳಲ್ಲಿ."

"ಮೀಟರಲ್ಲೇ ಬೇಕಾ?"

"ಆದಷ್ಟು ನಿಖರವಾಗಿ."

"ಹೋಗುವಾಗ ಜಾಸ್ತಿ, ತಿಂದು ಬರುವಾಗ ಕಮ್ಮಿ. ಬರ್ಕೊಂಡ್ರಾ? ನೋಡಮ್ಮ, ನಾಲ್ಕು ಸೀಟು ಮೇಲೆ ಟವೆಲ್ ಹಾಸಿ ಕೂತಿದೀಯ ನೀನು. ಹಿಂದೆ ನಿಂತೋರು ನನಗೆ ದಿನಾ ಫೋನ್ ಮಾಡ್ತಿದಾರೆ. ಬೇಗ ಒಂದರ ಮೇಲೆ ಕೂತ್ಕೋ."

ದೂರವನ್ನು ಕಟ್ಟಡಗಳ ನಕ್ಷೆಯಿಂದ ಅಳೆದೆ.

ಬುಧವಾರ ನಾಲ್ಕು ಗಂಟೆಗೆ ಮೊತ್ತಗಳು ಸಿದ್ಧವಾದವು. ಚಿಪ್ ವಿನ್ಯಾಸ 341. ಸಂಕೇತ ಸಂಸ್ಕರಣೆ 318. ವಿದ್ಯುತ್ ಯಂತ್ರಗಳು 340. ನೇರ ಪಿಎಚ್.ಡಿ. 297.

ಐನೂರರಲ್ಲಿ ಒಂದು ಅಂಕದ ಅಂತರ! ಅಷ್ಟು ಅಂತರ ನನ್ನ ಪೆನ್ಸಿಲಿನ ಮೊನೆಯ ದಪ್ಪದಲ್ಲೇ ಇರುತ್ತದೆ. ಹಾಸ್ಟೆಲ್ಲಿನ ನೀರಿನ ಒಂದು ತೂಕ ಮಾವನಿಗೆ ಹೋಗದಿದ್ದಿದ್ದರೆ ಫಲಿತಾಂಶ ಏನಾಗುತ್ತಿತ್ತೆಂದು ಲೆಕ್ಕ ಹಾಕಿದೆ: ಮೊದಲನೆಯದೂ ಮೂರನೆಯದೂ ಸರಿಸಮ. ಇನ್ನೊಂದು ಕಾರಣಕ್ಕೂ ನನಗೆ ಮೂರನೆಯದರ ಮೇಲೆ ಸಂಶಯವಿತ್ತು. ಹುಟ್ಟಿದಾಗಿನಿಂದ, ಸುರುಳಿಗಳಿಗೆ ಬಳಿಯುವ ವಾರ್ನಿಷಿನ ವಾಸನೆಯಲ್ಲಿ ಬೆಳೆದವಳು ಮತ್ತೆ ಮೋಟಾರನ್ನೇ ಆರಿಸಿಕೊಂಡರೆ ಅದು ಆಯ್ಕೆಯೋ, ಬರೀ ರೂಢಿಯೋ? ಆದ್ದರಿಂದ ಅದಕ್ಕೆ ಅಂಕ ಕೊಡುವಾಗ ಎಲ್ಲೆಲ್ಲೂ ಸ್ವಲ್ಪ ಕೈ ಬಿಗಿ ಹಿಡಿದಿದ್ದೆ.

ಎಲ್ಲರ ಅಭಿಪ್ರಾಯ ಕೇಳುವುದೆಂದು ತೀರ್ಮಾನಿಸಿದೆ. ಅಜ್ಜನಿಗೂ ಕಾಣಲೆಂದು ಒಂದು ಹಾಳೆಯಲ್ಲಿ ನಾಲ್ಕು ಮೊತ್ತಗಳನ್ನು ಮಾತ್ರ, ಮಾರ್ಕರಿನಲ್ಲಿ, ದೊಡ್ಡದಾಗಿ, ಒಂದರ ಕೆಳಗೊಂದು ಬರೆದೆ. ಯಾವುದು ಯಾವುದರದೆಂಬ ಕ್ರಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದರಿಂದ ತಲೆಬರಹ ಹಾಕಲಿಲ್ಲ. ಹಾಳೆಯನ್ನು ಎಲ್ಲರ ಕಣ್ಣಿಗೂ ಬೀಳುವ ಏಕೈಕ ಜಾಗಕ್ಕೆ, ಅಂದರೆ ಮೊಳೆಗೆ, ಚುಚ್ಚಿ ಗ್ರಂಥಾಲಯಕ್ಕೆ ಹೋದೆ. ನಾಲ್ಕು ವರ್ಷ ಪ್ರಯೋಗಾಲಯದ ದಾಖಲೆ ಪುಸ್ತಕಗಳನ್ನು ಬರೆದ ನಾನು, ಯಾವುದರ ಅಳತೆಯೆಂದು ಹೇಳದೆ ಸಂಖ್ಯೆ ಬರೆದದ್ದು ಅದೇ ಮೊದಲು.

ಮಾವ ಆಗ ಹೊರಗೆ ಹೋಗಿದ್ದ. ಗುರುವಾರ ಬೆಳಿಗ್ಗೆ ಬಂದು ಮೇಜಿನ ಮುಂದೆ ಕೂತು ಮೊಳೆ ನೋಡಿದ. ಅಂದಿನ ಕೆಲಸ ಸಲೂನಿನವರ ಸೀಲಿಂಗ್ ಫ್ಯಾನು. ಅದರ ಚೀಟಿ ನನ್ನ ಹಾಳೆಯ ಕೆಳಗಿತ್ತು: ಹನ್ನೆರಡು ಸುರುಳಿ, ತಲಾ 320 ಸುತ್ತು. ಸಂಜೆಯೊಳಗೆ ಫ್ಯಾನು ಸಲೂನಿಗೆ ಸೇರಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಲೂನಿನವರು ಫ್ಯಾನನ್ನು ಮಗುವಿನಂತೆ ತಬ್ಬಿಕೊಂಡು ಬಂದರು.

"ಏನ್ರೀ ಇದು, ಹಾಡ್ತಾ ಇದೆ! ಹೂಂ ಅಂತ ಒಂದೇ ರಾಗ. ಗಿರಾಕಿಗಳು ಏನದು ಅಂತ ತಲೆ ಎತ್ತಿ ನೋಡ್ತಾರೆ. ಕತ್ತರಿ ಕೈಯಲ್ಲಿರೋವಾಗ ತಲೆ ಎತ್ತಬಾರದು, ಗೊತ್ತಾಯ್ತಾ? ನಿನ್ನೆ ಒಬ್ಬರ ಮೀಸೆ ಅರ್ಧ ಹೋಯ್ತು!"

ಡಬ್ಬಿ ಬಂತು, ಚೀಟಿಗಳು ಬಿದ್ದವು, ಫ್ಯಾನು ಬಿಚ್ಚಲಾಯಿತು. ಅಮ್ಮ ಸುರುಳಿಗಳ ಮೇಲೆ ಬೆರಳಾಡಿಸಿದಳು.

"ಒಂದು ದಪ್ಪ, ಒಂದು ತೆಳು, ಮತ್ತೆ ದಪ್ಪ, ಮತ್ತೆ ತೆಳು. ಏನೋ ಇದು? ಎಷ್ಟು ಸುತ್ತಿದೀಯ?"

"ಚೀಟಿಲಿ ಇದ್ದಷ್ಟೇ ಅಕ್ಕ. ಮುನ್ನೂರ ನಲವತ್ತೊಂದು, ಮುನ್ನೂರ ಹದಿನೆಂಟು, ಮುನ್ನೂರ ನಲವತ್ತು, ಇನ್ನೂರ ತೊಂಬತ್ತೇಳು. ನಾಲ್ಕು ನಂಬರು, ಹನ್ನೆರಡು ಕಾಯಿಲು. ಮೂರು ಸಲ ಕರೆಕ್ಟಾಗಿ ಹೊಂದ್ತು ನೋಡು! ಒಂದು ಸುತ್ತೂ ಹೆಚ್ಚುಕಮ್ಮಿ ಮಾಡಿಲ್ಲ."

ಅಂಗಡಿಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು.

"ಮಾವ," ಎಂದೆ ನಾನು, "ಅದು ನನ್ನ ಡಿಗ್ರಿ."

"ಯಾವುದು?"

"ನೀನು ಸುತ್ತಿರೋದು."

ಮಾವ ಫ್ಯಾನನ್ನು ನೋಡಿದ, ನನ್ನನ್ನು ನೋಡಿದ. "ಅಲ್ಲ, ನಿನ್ನ ಕೈಬರಹ. ಎಂಜಿನಿಯರು ಬರೆದಿದ್ದು, ಏನೋ ಹೊಸ ವಿಧಾನ ಇರ್ಬೇಕು ಅಂತ ಬಾಯಿ ಮುಚ್ಕೊಂಡು ಸುತ್ತಿದೆ. ನಮ್ಮ ಕಾಲದಲ್ಲಿ ಎಲ್ಲಾ ಒಂದೇ ಸಮ ಸುತ್ತಿಸ್ತಿದ್ರು, ಈಗ ಏರಿಳಿತ ಬಂದಿದೆ ಅಂದ್ಕೊಂಡೆ. ಸುತ್ತು ಅಂತಲೋ ಅಂಕ ಅಂತಲೋ ಮೇಲೊಂದು ಪದ ಹಾಕೋಕೆ ಏನಾಗಿತ್ತು ನಿನಗೆ, ಮೈಕ್ರೋಮೀಟರ್?"

ಮೊಳೆಯಿಂದ ನನ್ನ ಹಾಳೆಯನ್ನು ಕಿತ್ತುಕೊಂಡೆ.

"ನಿಮ್ಮ ಮನೆ ಪದವಿ ನನ್ನ ಸಲೂನಲ್ಲಿ ಯಾಕ್ರೀ ತಿರುಗಬೇಕು?" ಎಂದು ಸಲೂನಿನವರು ಕೇಳಿದರು. ಅಮ್ಮ ಅವರಿಗೆ ಒಂದು ಮೇಜಿನ ಫ್ಯಾನು ಕೊಟ್ಟು, ನಾಳೆ ಬನ್ನಿ ಎಂದು ಕಳಿಸಿದಳು.

ಇಷ್ಟರಲ್ಲಿ ಅಜ್ಜ ಬಿಚ್ಚಿದ ಸೀಲಿಂಗ್ ಫ್ಯಾನನ್ನು ಮತ್ತೆ ಜೋಡಿಸಲು ಹೇಳಿದ್ದರು. ರೆಕ್ಕೆಯಿಲ್ಲದ ಫ್ಯಾನನ್ನು ಕೊಕ್ಕೆಗೆ ತೂಗಿಹಾಕಿ ಚಾಲೂ ಮಾಡಿ, ಸ್ಕ್ರೂಡ್ರೈವರನ್ನು ಒತ್ತಿ ಕಿವಿ ಕೊಟ್ಟರು.

"ಮಗು, ಇಲ್ಲಿ ಬಾ. ಗುಂಯ್ ಅಂತಿದೆ, ನಿಜ. ಆದ್ರೆ ಅಲುಗಾಟ ಎಲ್ಲಿ?"

ನಾನೂ ಕಿವಿಯಿಟ್ಟೆ. ಗುಂಯ್‌ಗುಟ್ಟುವಿಕೆ ಹಲ್ಲಿನವರೆಗೆ ಬಂತು. ಆದರೆ ಅಕ್ಷ ನೆಟ್ಟಗಿತ್ತು; ಬಿಳಿ ಚಾಕ್‌ಪೀಸಿನ ತುದಿಯನ್ನು ತಿರುಗುವ ಮೈಯಿಂದ ಕೂದಲೆಳೆಯಷ್ಟು ದೂರದಲ್ಲಿ ಹಿಡಿದರೂ ತಾಗಲಿಲ್ಲ. ಸುರುಳಿಗಳು ಇಷ್ಟು ಅಸಮವಾಗಿದ್ದರೆ ಒಂದು ಕಡೆಯ ಅಯಸ್ಕಾಂತದ ಎಳೆತ ಹೆಚ್ಚಾಗಿ ಫ್ಯಾನು ಅಲುಗಾಡಬೇಕು. ಅಲುಗಾಡುತ್ತಿರಲಿಲ್ಲ. ಯಾಕೆ?

ಕೈಗೆ ಸಿಕ್ಕ ಕಾಗದದ ಮೇಲೆ ವೃತ್ತ ಎಳೆದು ಹನ್ನೆರಡು ಸುರುಳಿಗಳನ್ನು ಗುರುತಿಸಿ, ಪ್ರತಿಯೊಂದರ ಎಳೆತಕ್ಕೂ ಒಂದು ಬಾಣ ಹಾಕಿದೆ. ಆರು ವೃತ್ತಗಳಾದ ಮೇಲೆ ಕಂಡಿತು. ನಾಲ್ಕು ಸಂಖ್ಯೆಗಳು ಮೂರು ಸಲ ಮರುಕಳಿಸಿದ್ದರಿಂದ, ಪ್ರತಿಯೊಂದು 341ಕ್ಕೂ ವೃತ್ತದಲ್ಲಿ ಸರಿಸಮ ದೂರದಲ್ಲಿ ಇನ್ನೆರಡು 341ಗಳಿದ್ದವು. ಮೂವರು ಮೂರು ದಿಕ್ಕಿಗೆ ಸಮನಾಗಿ ಎಳೆದರೆ ನಡುವಿನವನು ಕದಲುವುದಿಲ್ಲ. ಮಾವ ತಪ್ಪನ್ನು ಎಷ್ಟು ಕ್ರಮಬದ್ಧವಾಗಿ ಸುತ್ತಿದ್ದನೆಂದರೆ ತಪ್ಪೇ ತನ್ನನ್ನು ತಾನು ತೂಗಿಕೊಂಡಿತ್ತು.

"ನೋಡಿದ್ರಾ!" ಎಂದ ಮಾವ. "ನಾನು ಆಗಲೇ ಅಂದುಕೊಂಡಿದ್ದೆ."

"ಇದು ಸರಿ ಅಂತ ಹೇಗೆ ಗೊತ್ತು?" ಎಂದಳು ಅಮ್ಮ. ಸುರುಳಿಯಲ್ಲಿ ತಪ್ಪು ಹುಡುಕುವಾಗ ಕೇಳುವ ದನಿಯಲ್ಲೇ ಕೇಳಿದಳು.

"ಕೆಡಿಸಿ ನೋಡಿದ್ರೆ ಗೊತ್ತಾಗುತ್ತೆ. ಇದೇ ಸಂಖ್ಯೆಗಳು, ಆದ್ರೆ ದಪ್ಪ ಆರು ಒಂದು ಪಕ್ಕ, ತೆಳು ಆರು ಇನ್ನೊಂದು ಪಕ್ಕ. ನನ್ನ ಲೆಕ್ಕ ಸರಿಯಿದ್ರೆ ದಪ್ಪ ಪಕ್ಕಕ್ಕೆ ವಾಲಿ ಅಲುಗಾಡ್ಲೇಬೇಕು."

"ಗಿರಾಕಿ ಫ್ಯಾನನ್ನ ಬೇಕಂತ ಕೆಡಿಸೋದಾ?"

"ಹೇಗೂ ಬಿಚ್ಚಿ ಸುತ್ತಲೇಬೇಕಲ್ಲ ಅಮ್ಮ. ಒಂದು ಸಲ ಹೆಚ್ಚು, ಅಷ್ಟೇ."

ಅಮ್ಮ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಳು. "ಸಂಖ್ಯೆ ಓದು," ಎಂದಳು. "ಈ ಸಲ ಯಾವುದರದು ಅಂತ ಹೇಳಿ ಓದು."

ಶುಕ್ರವಾರ ಸಂಜೆಯವರೆಗೆ ಆರು ಸುರುಳಿ, ಶನಿವಾರ ಬೆಳಿಗ್ಗೆ ಏಳರಿಂದ ಇನ್ನಾರು. ಕೋಷ್ಟಕವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಶುಕ್ರವಾರದ ದಿನಚರಿಯಲ್ಲಿ ಬರೆದಿದ್ದೆ. ಆ ಸಾಲಿನ ಮುಂದೆ ಗುರುತಿಲ್ಲ. ಶನಿವಾರ 11.45ಕ್ಕೆ ಫ್ಯಾನನ್ನು ಮತ್ತೆ ಕೊಕ್ಕೆಗೆ ಹಾಕಿದೆವು. ನಾನು ಸ್ಟೂಲಿನ ಮೇಲೆ, ಅಜ್ಜ ಪಕ್ಕದಲ್ಲಿ, ಮಾವ ಸ್ವಿಚ್ಚಿನ ಬಳಿ.

"ಹಾಕ್ಲಾ?"

"ಹಾಕು."

ಫ್ಯಾನು ಮೆಲ್ಲಗೆ ತಿರುಗಿತು. ವೇಗ ಬಂತು. ಮೊದಲು ಕೊಕ್ಕೆ ಕಟಕಟವೆಂದಿತು, ಆಮೇಲೆ ಇಡೀ ಫ್ಯಾನು ಚಳಿ ಬಂದವರಂತೆ ನಡುಗತೊಡಗಿತು. ಚಾಕ್‌ಪೀಸು ಒಂದೇ ಪಕ್ಕದಲ್ಲಿ ಗೀರು ಬಿಟ್ಟಿತು. ನಾನು ಹೇಳಿದ ಪಕ್ಕದಲ್ಲೇ. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಅಮ್ಮ ಚಪ್ಪಾಳೆ ತಟ್ಟಿದ್ದು ಮಾತ್ರ ನೆನಪಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಸಲೂನಿನವರು ನಿಂತಿದ್ದರು.

"ಅಯ್ಯೋ, ನನ್ನ ಫ್ಯಾನು! ನಿನ್ನೆ ಹಾಡ್ತಿತ್ತು, ಇವತ್ತು ಕುಣೀತಾ ಇದೆ!"

"ಸ್ವಲ್ಪ ಇರಿ ಅಣ್ಣಾ, ಈಗ ತಾನೇ ಸರಿಯಾಗಿ ಕೆಟ್ಟಿದೆ," ಎಂದ ಮಾವ.

ಫೋನು 11.52ಕ್ಕೆ ಬಂತು. ಕಿವಿಗೆ ಸ್ಕ್ರೂಡ್ರೈವರ್ ಇಟ್ಟಿದ್ದೆನಾದ್ದರಿಂದ ಇನ್ನೊಂದು ಕಿವಿಗೆ ಫೋನನ್ನು ಅಮ್ಮನೇ ಹಿಡಿದಳು.

"ಕ್ಯಾಂಟೀನ್ ಅಮ್ಮಣ್ಣಿ ತಾನೆ?" ಎಂದಿತು ಪ್ರವೇಶ ವಿಭಾಗದ ದನಿ. "ಇನ್ನೂ ಎಂಟು ನಿಮಿಷ. ನಾಲ್ಕೂ ಕಡೆ ಇನ್ನೂ ನಿನ್ನ ಟವೆಲೇ ಇದೆ. ಯಾವುದು?"

"ಮೂರನೇದು ಮೇಡಂ. ಅಲ್ಲಿ ಪ್ರಯೋಗಾಲಯದಲ್ಲಿ ಕಂಪನ ಅಳೆಯೋ ಉಪಕರಣ ಇದೆಯಾ? ಯಾಕಂದ್ರೆ ಎಳೆತ ಸೊನ್ನೆ ಆದ್ರೂ ಗುಂಯ್ ಅನ್ನೋದು ನಿಂತಿರಲಿಲ್ಲ. ಅದು ಎಲ್ಲಿಂದ ಬರುತ್ತೆ ಅಂತ ನನಗಿನ್ನೂ..."

"ನಾನು ಪ್ರವೇಶ ವಿಭಾಗ ಕಣಮ್ಮ, ನನಗೆ ಒಳಗೆ ಬರೋದು ಮಾತ್ರ ಗೊತ್ತು. ಹೋಗಿ ಪುಟ ತೆಗೆದು ಗುಂಡಿ ಒತ್ತು. ನಾನು ನೋಡ್ತಾ ಇರ್ತೀನಿ."

ಸ್ಟೂಲಿನ ಮೇಲೆ ನಿಂತೇ ಫೋನಿನಲ್ಲಿ ಪುಟ ತೆರೆದೆ. ಮೂರನೆಯ ಸಾಲಿನ ಗುಂಡಿ ಒತ್ತಿದೆ. ಹೆಬ್ಬೆರಳಿನ ವಾರ್ನಿಷಿನಿಂದ ಮೊದಲ ಸಲ ಪರದೆ ಗುರುತು ಹಿಡಿಯಲಿಲ್ಲ. ಅಮ್ಮನ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದೆ. ಗಂಟೆ 11.56.

"ಬಂತು," ಎಂದಿತು ಆ ದನಿ. "ಕ್ಯಾಂಟೀನು ನಿಮ್ಮ ವಿಭಾಗದ ಹಿಂದೇನೇ ಇದೆ, ಹೋಗು," ಎಂದು ಇಟ್ಟರು.

ಮಾವ ಸ್ವಿಚ್ ಆರಿಸಿದ. ಫ್ಯಾನು ನಡುಗುತ್ತ ನಡುಗುತ್ತ ನಿಂತಿತು.

"ಅಲ್ವೇ, ನಿನ್ನ ಕೋಷ್ಟಕದಲ್ಲಿ ಮೊದಲನೇದು ಒಂದು ಅಂಕ ಮುಂದಿತ್ತಲ್ಲ?" ಎಂದಳು ಅಮ್ಮ.

ಕೋಷ್ಟಕ ಹುಡುಕಿದೆ. ಮೇಜಿನ ಮೇಲೇ ಸಿಕ್ಕಿತು. ಶುಕ್ರವಾರ ಕೈಗೆ ಸಿಕ್ಕಿತೆಂದು ಹನ್ನೆರಡು ಬಾಣಗಳ ಆರು ವೃತ್ತಗಳನ್ನು ನಾನು ಎಳೆದದ್ದು ಅದರ ಬೆನ್ನಿಗೇ. ಮುಂಬದಿಯ ಮೇಲೆ ಯಾರೋ ವಾರ್ನಿಷಿನ ಡಬ್ಬಿ ಇಟ್ಟಿದ್ದರು. ಐದನೆಯ ಅಂಶದಿಂದ ಒಂಬತ್ತನೆಯದರವರೆಗೆ ಏನೂ ಕಾಣುತ್ತಿರಲಿಲ್ಲ.

ಅಮ್ಮ ಫ್ಯಾನಿನ ಹನ್ನೆರಡೂ ಸುರುಳಿಗಳನ್ನು ಬಿಚ್ಚಿ, ತಲಾ 320 ಸುತ್ತು ಸುತ್ತಲು ಕೂತಳು. ಈ ಸಲ ಮೊಳೆಯ ಚೀಟಿಯಲ್ಲಿ 'ಸುತ್ತು' ಎಂಬ ಪದವನ್ನು ನಾನೇ ಎರಡು ಗೆರೆ ಎಳೆದು ಬರೆದೆ. ಅಜ್ಜ ಡಬ್ಬಿಯ ಮುಚ್ಚಳ ತೆಗೆದು, ಸೋಮವಾರದ ಚೀಟಿಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟರು.

ಅಮ್ಮನ ಚೀಟಿ: ಮೂರು. ಕಾರಣ ಕೇಳಿದೆ. "ಕಾರಣ ಬರೀಬೇಕು ಅಂತ ನಿಯಮ ಇಲ್ಲ," ಎಂದು ಎಣಿಕೆ ಮುಂದುವರಿಸಿದಳು.

ಅಜ್ಜನ ಚೀಟಿ: ಮೂರು. "ಸೋಮವಾರ ಪತ್ರ ಓದಿದೆಯಲ್ಲ, ಬೇರೆ ಮೂರೂ ಓದೋವಾಗ ದನಿ ಬಿಗಿಯಾಗಿತ್ತು. ಮೂರನೇದು ಓದೋವಾಗ ಸಲೀಸಾಗಿ ತಿರುಗ್ತು. ಬೇರಿಂಗ್ ಚೆನ್ನಾಗಿರೋದು ಹಂಗೇ ಮಗು."

ಮಾವನ ಚೀಟಿ: ಹೊಡೆದುಹಾಕಿದ 'ಮೂರು', ಅದರ ಪಕ್ಕ 'ಒಂದು'. "ಒಂದೂವರೆ ವರ್ಷಕ್ಕೆ ಮುಗಿಯೋದು ಅದೊಂದೇ ಅಲ್ವಾ," ಎಂದು ಮಾವ ನೆಲ ನೋಡಿದ. "ಬೇಗ ಬರ್ತೀಯ ಅಂತ ಬದಲಾಯಿಸ್ದೆ."

ನಾಲ್ಕನೆಯದನ್ನು ನಾನೇ ಓದಿದೆ. ಆಮೇಲೆ ಮಾವ ಒಂದು ಪೊರಕೆ ತಾನು ಹಿಡಿದು, ಇನ್ನೊಂದನ್ನು ನನಗೆ ಕೊಟ್ಟ.

ಕಂಡುಬಂದದ್ದು: ನಾಲ್ಕು ಚೀಟಿಗಳಲ್ಲಿ ಎರಡು ಸರಿ, ಎರಡು ತಪ್ಪು, ತಪ್ಪಾದವುಗಳಲ್ಲಿ ಒಂದು ನನ್ನದು.